ಗೇಣು

ಶೋರೂಮಿನ ಹುಡುಗ ಇನ್ನೂ ಸನ್‌ರೂಫಿನ ಮಾತಿನ್ಯಾಗ ಇದ್ದ,
ಅಷ್ಟ್ರಾಗ ನಮ್ಮಪ್ಪ
ಇಸ್ತ್ರಿ ಮಾಡಿದ ಬಿಳೀ ಅಂಗಿಯೊಳಗ
ಗಾಡಿ ಬುಡಕ್ಕ ಅಂಗಾತ ಮಲಗಿಬಿಟ್ಟಿದ್ದ.

ಹೊರಗ ಎರಡು ಕಾಲಷ್ಟ ಕಾಣ್ತಿದ್ದವು.
ಗೋಕುಲ ರೋಡಿನ ಅಷ್ಟೂ ಬಿಸಲು
ಗಾಜಿನ ಗ್ವಾಡಿ ದಾಟಿ ಬಂದು
ಸವೆದ ಚಪ್ಪಲಿ ಮ್ಯಾಲ ಕುಂತಿತ್ತು.
"ಅಂಕಲ್, ಏನರ ಬಿತ್ತೇನ್ರಿ?"
ಒಳಗಿಂದ ಉತ್ತರ ಬಂತು: "ಬ್ಯಾಟ್ರಿ ಇದ್ರ ಕೊಡು."

ಮೂವತ್ತ್ಮೂರು ವರ್ಷ ಗದಗ ರೋಡಿನ ರೇಲ್ವೆ ವರ್ಕ್‌ಶಾಪಿನ್ಯಾಗ
ಜಗತ್ತಿನ ಗಾಡಿ ಎಲ್ಲಾ ಬುಡದಿಂದಲೇ ನೋಡಿದಾಂವ.
ಯಾವ ಬೋಗಿಗೆ ಯಾವ ಬಣ್ಣ, ಯಾವ ಊರಿಗೆ ಹೊಂಟಿತ್ತು,
ಕೇಳಿದರ ಗೊತ್ತಿಲ್ಲ;
ಅದರ ಸ್ಪ್ರಿಂಗು ಹೆಂಗ ನರಳತಿತ್ತು ಅಂತ
ಉಣ್ಣೂವಾಗ ಬಾಯಿಲೆ ಸಪ್ಪಳ ಮಾಡಿ ತೋರಿಸಾಂವ.
ಭೋಂಗಾ ಹೊಡದರ ಎದ್ದು, ಭೋಂಗಾ ಹೊಡದರ ಉಂಡು,
ಸೈಕಲ್ ಮ್ಯಾಲ ಹೋಗಿ ಸೈಕಲ್ ಮ್ಯಾಲ ಬಂದಾಂವ.

ಹುಡುಗ ಬಗ್ಗಿ ಮೊಬೈಲಿನ ಬೆಳಕು ಹಿಡಿದ.
"ಗ್ರೌಂಡ್ ಕ್ಲಿಯರನ್ಸ್ ಇನ್ನೂರಾ ಐದು, ಅಂಕಲ್."
ಅಪ್ಪ ಗೇಣು ಹಾಕಿದ, ನೆಲದಿಂದ ಕಬ್ಬಿಣಕ್ಕ.
"ಒಂದು ಗೇಣು. ಬರೋಬ್ಬರಿ."

ಆ ಹುಡುಗಗ ಏನು ಗೊತ್ತು,
ನಮ್ಮನಿ ಗೇಣು ಮಂದಿ ಗೇಣಿಗಿಂತ
ಒಂದು ಉಗುರು ಕಮ್ಮಿ ಅಂತ.
ಕಿರುಬೆರಳಿನ ತುದಿ ತೊಂಬತ್ತೊಂದರಾಗ
ಒಂದು ಬಫರಿನ ಪಾಲಾತು.
ಕಿಟಕಿ ಪರದೆ, ಕಟ್ಟಿಗಿ ಮಾಡ, ನನ್ನ ಸಾಲಿ ಲಂಗ
ಎಲ್ಲಾ ಅದ ಗೇಣಿನ ಅಳತಿ.
ಅದಕ್ಕ ನನ್ನ ಲಂಗ ಯಾವಾಗಲೂ ಒಂಚೂರು ಗಿಡ್ಡ.

ಆಮ್ಯಾಲ ಆಕ್ಸೆಸರಿ ಪಟ್ಟಿ ಬಂತು,
ಮದುವಿ ಜವಳಿ ಪಟ್ಟಿಗಿಂತ ಉದ್ದ.
ಬಾಗಿಲಿಗೆ ಕ್ರೋಮಿನ ಅಂಚು:
"ಎಮ್ಮಿಗೆ ಬೆಳ್ಳಿ ಗೆಜ್ಜಿ."
ಮ್ಯಾಲ ರೂಫ್ ರೇಲು. ರೇಲು ಅಂದಕೂಡಲೆ
ಅಪ್ಪನ ಕಿವಿ ನೆಟ್ಟಗಾತು.
ಗೆಣ್ಣಿಲೆ ಬಡದು ನೋಡಿದ, "ಟೊಳ್ಳು" ಅಂದ,
ಸತ್ತವರ ಸುದ್ದಿ ಕೇಳಿದಂಗ.
ಸೈಡ್ ಸ್ಟೆಪ್ಪಿನ ಮ್ಯಾಲ ಒಂದ ಕಾಲಿಟ್ಟು ಕುಕ್ಕಿದ:
"ಇದು ಚಾಸಿಗೆ ಹಿಡಿದಿಲ್ಲ ತಮ್ಮಾ, ಶಾಸ್ತ್ರಕ್ಕ ಹಿಡಿದೈತಿ."
ಒಪ್ಪಿದ್ದು ಒಂದಕ್ಕ: ಮಡ್‌ಫ್ಲ್ಯಾಪು.
"ನಾಕೂ ಗಾಲಿಗೆ ಹಾಕು. ಹಿಂದಿನವಗ ನಮ್ಮ ಕೆಸರು ಯಾಕ?"

ಸಾಲಕ್ಕ ಸಹಿ ಹಾಕಿದಾಕಿ ನಾನು.
ಎಂಬತ್ನಾಕು ಕಂತು.
ಮುಂಜಾನೆ ಏಳರಿಂದ ಮಂದಿ ತೋಳಿಗೆ ರಬ್ಬರು ಬಿಗಿದು
ರಕ್ತ ಎಳದು ಶೀಸೆ ತುಂಬಿ ಹೆಸರು ಬರಿಯಾಕಿ.
ಕೆಂಪು ಬಣ್ಣ ನನಗ ಸಾಕಾಗಿರಬೇಕು ಅಂತಾರ ಎಲ್ಲಾರು.
ಸೀಟ್ ಕವರಿನ ಮೌಲಾಲಿ ಅಂಗಡಿಯೊಳಗ
ಬೂದು, ಕಂದು, ಕರೆ ಥಾನು ದಾಟಿ
ನನ್ನ ಕೈ ಹೋಗಿ ನಿಂತದ್ದು ಕಡುಗೆಂಪಿನ ಮ್ಯಾಲ.
"ಹೊಲಸು ಕಾಣ್ತೈತ್ರಿ ಮ್ಯಾಡಮ್," ಅಂದ ಮೌಲಾಲಿ.
"ಕಾಣಲಿ."
ಅಪ್ಪ ಹೆಬ್ಬಟ್ಟಿಲೆ ಒತ್ತಿ ನೋಡಿ
"ಫಸ್ಟ್ ಕ್ಲಾಸು" ಅಂದ.
ಹೊಗಳಿದನೋ, ಹೀಯಾಳಿಸಿದನೋ,
ಬರೇ ಡಬ್ಬಿ ಹೆಸರು ಹೇಳಿದನೋ,
ಇನ್ನೂ ತಿಳಿದಿಲ್ಲ.

ಗಾಲಿಗೆ ನಿಂಬಿಹಣ್ಣು ಇಟ್ಟದ್ದಾತು, ಪೇಡೆ ಹಂಚಿದ್ದಾತು.
ಧಾರವಾಡದ ಕಡೆ ಮುಖ ಮಾಡಿ ಮೊದಲ ಗೇರು.
ಅಪ್ಪ ಮಗ್ಗಲ ಕುಂತು ಬೆಲ್ಟಿನ ಕೂಡ ಜಗಳಾಡಿ ಸೋತು
ಮ್ಯಾಲ ತಡಕಾಡಿದ.
"ಚೈನ ಎಲ್ಲೈತಿ?"
ನಾನು ನಕ್ಕೆ. ಅಂವ ನಗಲಿಲ್ಲ.
ಕಿಟಕಿ ಮ್ಯಾಲಿನ ಹಿಡಿಕಿ ಸಿಕ್ಕಿತು,
ನಾಕು ಬೆರಳು ಪೂರ್ತಿ, ಐದನೇದು ಅರ್ಧ ಸುತ್ತಿ ಹಿಡಿದ.
ಉಣಕಲ್ ಕೆರಿ ಹೋತು, ನವನಗರ ಹೋತು,
ಹಸಿರು ಬಸ್ಸು ತಮ್ಮ ದಾರ್ಯಾಗ ತಾವು ಹೋದವು,
ಹಿಡಿಕಿ ಬಿಡಲಿಲ್ಲ.

ನವಲೂರಿನ ಹತ್ತರ ಎರಡು ಸಲ ಜಗ್ಗಿದ, ಜೋರ.
ಎದಿ ಧಸಕ್ಕಂದು ಬದಿಗೆ ಹಚ್ಚಿ ನಿಲ್ಲಿಸಿದೆ.
"ಏನಾತಪ್ಪಾ?"
"ಏನಿಲ್ಲ. ಚೈನ ಕೆಲಸ ಮಾಡ್ತೈತಿ."
ಇಳದು, ರಸ್ತೆ ಬದಿ ಬುಟ್ಟಿಯವಳ ಕೂಡ
ಗಂಟಿಗಟ್ಟಲೆ ಚೌಕಾಶಿ ಮಾಡಿ ಬಂದ.
"ಕಾರಣ ಇಲ್ಲದ ಜಗ್ಗಿದ್ದಕ್ಕ ದಂಡ ಕಟ್ಟಬೇಕು," ಅಂದೆ.
ಅಂಗಿಗೆ ಒರಸಿ
ಒಂದು ಪೇರಲ ಕೊಟ್ಟ.