ಇಳಿಸುವ ಕ್ರಮ

ಸಿತ್ರಾದ ಪ್ರಯೋಗಾಲಯದಲ್ಲಿ ನನ್ನದು ರಾತ್ರಿಪಾಳಿ.
ಎಣ್ಣೆಬಾವಿಯ ತಳದಿಂದ ತಂದ ಉಪ್ಪುನೀರು
ಮೊಣಕೈ ಉದ್ದದ ಉಕ್ಕಿನ ಕೊಳವೆಯೊಳಗೆ.
ಕಾವು ಎಂಬತ್ತೈದು. ಒತ್ತಡ ಮುನ್ನೂರು ಪಟ್ಟು,
ನೀವೂ ನಾನೂ ಹೊತ್ತು ತಿರುಗುವ ಗಾಳಿಯ ಭಾರಕ್ಕೆ.

ಮೂರನೇ ಸೀಟಿಗೆ ತೊಗರಿಬೇಳೆ
ತಾನು ಬೇಳೆಯೆಂಬುದನ್ನೇ ಮರೆಯುತ್ತದೆ.
ಇವು ಮರೆಯುವುದಿಲ್ಲ.
ಒಳಗೇ ಎರಡಾಗುತ್ತವೆ, ನಾಲ್ಕಾಗುತ್ತವೆ.
ಕಣ್ಣಿಲ್ಲ, ಬಾಯಿಲ್ಲ, ರಜೆಯಿಲ್ಲ.

ಹೇಗೆ ಅಂತ ಕೇಳಿದ್ದಕ್ಕೆ ಡಾಕ್ಟರ್ ಮನಾಲ್
ಟಿಶ್ಯೂ ಕಾಗದದ ಮೇಲೆ ಗೀಚಿ ತೋರಿಸಿದ್ದಳು:
ಕಾವಿಗೆ ಒಂದು ಪ್ರೋಟೀನು ಬಿಚ್ಚಿಕೊಳ್ಳತೊಡಗಿದರೆ
ಇನ್ನೊಂದು ಬಂದು ತಬ್ಬಿ ಹಿಡಿಯುತ್ತದಂತೆ,
ಬಾಣಂತಿಯ ಸೊಂಟಕ್ಕೆ ಬಟ್ಟೆ ಬಿಗಿದ ಹಾಗೆ,
ಮತ್ತೆ ಅದು ಮಡಿಕೆ ಮಡಿಕೆಯಾಗಿ ಕೂರುವ ತನಕ.
"ಹಿಡಿಯುವವರೇ ಇಲ್ಲದಿದ್ದರೆ?" ಅಂದೆ.
ಕಾಗದದ ಮೇಲೆ ಚಹಾ ಚೆಲ್ಲಿತು. ಮಾತು ಅಲ್ಲಿಗೇ ನಿಂತಿತು.

ಹೋದ ತಿಂಗಳು ಒಂದು ತಿರುಪು ಸಡಿಲಾಯಿತು.
ಬೆಳಗಿನ ಜಾವ ಮುಳ್ಳು ಸರಸರ ಕೆಳಗೆ:
ಮುನ್ನೂರು, ತೊಂಬತ್ತು, ಒಂದು.
ನಾವು ಹಗುರ ಅನ್ನುತ್ತೇವಲ್ಲ, ಅದರಲ್ಲಿ
ಎಲ್ಲವೂ ಸತ್ತವು.
ಲಾಗ್ ಪುಸ್ತಕದಲ್ಲಿ ಕಾರಣದ ಕಾಲಂ ಸಣ್ಣದು.
"ಭಾರ ತೆಗೆದದ್ದು" ಅಂತ ಬರೆದೆ,
ಹೊಡೆದುಹಾಕಿ "ಸೋರಿಕೆ" ಅಂತ ಬರೆದೆ.

ಉಚ್ಚಿಲದ ಇದಿನಬ್ಬ, ನಮ್ಮ ಕಡೆಯವನು,
ಕಡಲತಳದ ಪೈಪಿಗೆ ಬೆಸುಗೆ ಹಾಕುತ್ತಾನೆ.
ಹಡಗಿನ ಮೇಲೊಂದು ಉಕ್ಕಿನ ಕೋಣೆ, ಆರು ಜನ,
ಎಪ್ಪತ್ತು ಮೀಟರ್ ನೀರಿನ ತೂಕವನ್ನು ಅದರೊಳಗೇ ತುಂಬಿ
ಇಪ್ಪತ್ತೆರಡು ದಿನ.
ಗುಂಡು ಕಿಟಕಿಯಾಚೆ ಒಂದು ಗೇಣಿಗೆ ಡೆಕ್ಕು, ಬಿಸಿಲು,
ಸಿಗರೇಟು ಸೇದುವ ಅಡುಗೆಯವನು.
ಆ ಒಂದು ಗೇಣಿಗೆ ನಾಲ್ಕು ದಿನದ ದಾರಿ;
ಬೇಗ ಬಂದರೆ ರಕ್ತ ನೊರೆಯಾಗುತ್ತದೆ.

ಹೀಲಿಯಂ ಗಾಳಿಗೆ ದನಿ ಬಾತುಕೋಳಿಯದು.
ಫೋನಿನಲ್ಲಿ ಮಗಳು ಉರುಳಾಡಿ ನಗುತ್ತಾಳೆ,
"ಉಪ್ಪಾ, ಇನ್ನೊಮ್ಮೆ ಮಾತಾಡು."
ಅಕ್ಕ ತೀರಿಕೊಂಡ ದಿನ ಅದೇ ದನಿಯಲ್ಲಿ ಅತ್ತನಂತೆ.
ಯಾರೂ ನಗಲಿಲ್ಲ.
ಸೆಬುವಿನವನೊಬ್ಬ ಮೇಲಿನ ಬಂಕಿನಿಂದ ಇಳಿದು
ಇವನ ಭುಜ ಹಿಡಿದುಕೊಂಡು ಕೂತ, ಗಂಟೆಗಟ್ಟಲೆ,
ಭಾಷೆ ಬಾರದೆ.

ನಿನ್ನೆ ಹೊರಬಂದ.
ಜೆಟ್ಟಿಯ ಕಟ್ಟೆ, ನಲವತ್ತಾರರ ಬಿಸಿಲು,
ಬೇಯಿಸಿದ ಮೊಟ್ಟೆ ಸುಲಿಯುತ್ತಿದ್ದ,
ಒಂದೊಂದೇ ಚೂರು, ಯಾರೋ ಲೆಕ್ಕ ಕೇಳುತ್ತಾರೇನೋ ಎಂಬಂತೆ.
"ಒಳಗೆ ಯಾವುದಕ್ಕೂ ರುಚಿಯೇ ಇರಲಿಲ್ಲ" ಅಂದ,
ತನ್ನದೇ ದಪ್ಪ ದನಿಗೆ ಬೆಚ್ಚಿ ಸುಮ್ಮನಾದ.
ಆಮೇಲೆ ಪಿಸುಮಾತಿನಲ್ಲಿ, "ಉಪ್ಪಿದೆಯಾ?"

ಊಟದ ಡಬ್ಬಿಯಿಂದ ಪೊಟ್ಟಣ ಬಿಚ್ಚಿ ಕೊಟ್ಟೆ.
ಮೊಟ್ಟೆಯನ್ನು ತೊಡೆಯ ಮೇಲಿಟ್ಟು
ಮೊದಲು ಬೆರಳನ್ನೇ ಒತ್ತಿ
ನೆಕ್ಕಿದ.