ಗಾಳವಿಲ್ಲದ ದಾರ

ಕೊಕ್ಕೆಯಿಲ್ಲ, ಎರೆಹುಳವಿಲ್ಲ.
ಗಾಯಕ್ಕೆ ಸುತ್ತುವ ಬಿಳಿ ಅರಿವೆಯ ಒಂದು ಉಂಡೆ,
ಎರಡು ಮಾರು ಮೀನುದಾರ, ಒಂದು ಗಂಟು.
ಸೋಮವಾರ ಕಣ್ಣು ಬಿಡುವ ಮೊದಲೇ
ಎನ್‌ಡಿರಾಂಡೆಯ ಕಾಲುಸೇತುವೆಯ ಕಂಬಿಗೆ ಬಿಗಿದು
ಕೊಳಚೆಯ ಹರಿವಿಗೆ ಇಳಿಬಿಟ್ಟು ಬರುತ್ತೇನೆ.
ಗುರುವಾರ ಬಂದು ಎತ್ತುತ್ತೇನೆ.

ಗಂಟು ಅಪ್ಪನದು.
ಮಂಗೋಚಿಯ ಸರೋವರದಲ್ಲಿ
ದೀಪ ಹಚ್ಚಿ ಉಸಿಪ ಮೀನಿಗೆ ರಾತ್ರಿಯೆಲ್ಲ ಕಾದವನು
ಒದ್ದೆ ಬೆರಳಿನಿಂದ ಕಲಿಸಿದ್ದು:
ಎರಡು ಸುತ್ತು, ಒಂದು ನುಸುಳು,
ನೀರು ಎಳೆದಷ್ಟೂ ಬಿಗಿಯಾಗಬೇಕು.
ಈಗ ಫೋನಿನಲ್ಲಿ ಕೇಳುತ್ತಾನೆ, ಏನು ಹಿಡಿಯುತ್ತೀ ಮಗಳೇ.
ಕಣ್ಣಿಗೆ ಕಾಣದ್ದು, ಎಂದರೆ
ಅದನ್ನು ಸಂತೆಯಲ್ಲಿ ತೂಗುವವರಾರು ಎಂದು ನಗುತ್ತಾನೆ.

ಮಂದಾಸಿ ಕರಿಯುವ ಹೆಂಗಸರು ಮೂಗು ಮುರಿಯುತ್ತಾರೆ.
ಮೂಗಿನದೇನು ತಪ್ಪು, ವಾಸನೆ ಅಂಥದ್ದು.
ಮೊದಲ ವರ್ಷ ಯಾರೋ ದಾರ ಕತ್ತರಿಸಿದರು, ಮಾಟವೆಂದು.
ಇನ್ನೊಮ್ಮೆ ಕತ್ತರಿಸಿದವನು ಲುಸುಂಗು,
ಎಂಟು ವರ್ಷದ ಪೋರ, ಗಾಳಿಪಟಕ್ಕೆ.
ಪಟ ಚೆನ್ನಾಗಿಯೇ ಹಾರಿತು.

ಹೊಳೆಗೆ ಹಾಕಿದರೂ ಅಳೆದು ಹಾಕಬೇಕಂತೆ.
ಇಲ್ಲಿ ಯಾರೂ ಅಳೆಯುವುದಿಲ್ಲ.
ಅಳೆಯದೆ ಹಾಕಿದ್ದನ್ನು ಕೆಳಗೆ ನಿಂತು ಅಳೆಯುವ ಕೆಲಸ
ನನ್ನ ಪಾಲಿಗೆ ಬಂತು.
ಅಗುಳಿ ಹಾಕಿದ ಕದಗಳ ಹಿಂದಿನದೆಲ್ಲ ಬರುತ್ತದೆ,
ಜೋಳದ ಗಂಜಿ ಹತ್ತಿದ ಪಾತ್ರೆಯ ತೊಳಸು,
ಮದುವೆಯ ಮರುದಿನದ ಎಣ್ಣೆ,
ಗಂಡನಿಗೆ ಹೇಳದೆ ನುಂಗಿದ ಮಾತ್ರೆ,
ಪಾದ್ರಿಯ ಭೇದಿ,
ಇನ್ನೂ ಮೈ ಬಿಸಿಯೇ ಆಗದವನ ಜ್ವರ.
ಹೆಸರು ಮಾತ್ರ ಬರುವುದಿಲ್ಲ.
ಮೊದಲ ತಿರುವಿನಲ್ಲೇ ಎಲ್ಲೋ ಕರಗಿರುತ್ತದೆ.

ಹಿಂಡಬಾರದು ಅರಿವೆಯನ್ನು. ಮಗುವನ್ನು ಎತ್ತಿದಂತೆ ಎತ್ತಿ
ಚೀಲಕ್ಕಿಳಿಸಿ, ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು
ಮಿನಿಬಸ್ಸಿನಲ್ಲಿ ತೊಡೆಯ ಮೇಲೆ ಹೊತ್ತು ಕೂರುತ್ತೇನೆ.
ಪಕ್ಕದವರು, ಮೀನೇ? ಎಷ್ಟಕ್ಕೆ?
ಮಾರಾಟಕ್ಕಲ್ಲ, ಎನ್ನುತ್ತೇನೆ.

ಆ ಗುರುವಾರದ್ದು ಶನಿವಾರ ತಿಳಿಯಿತು.
ಪ್ರಯೋಗಾಲಯದ ತೊಕೊಜಾನಿ ಪರದೆ ನನ್ನತ್ತ ತಿರುಗಿಸಿದ.
ಮೂವತ್ತು ಸುತ್ತು ಸುಮ್ಮನೆ ಮಲಗಿದ್ದ ಗೆರೆ
ಮೂವತ್ತೊಂದನೆಯದಕ್ಕೆ ತಲೆ ಎತ್ತಿತ್ತು.
ಟೈಫಾಯ್ಡ್, ಎಂದ. ಹದಿನಾಲ್ಕನೆಯ ಜಾಗ.
ಅವನಿಗೆ ಅದು ಒಂದು ಅಂಕಿ.
ಹದಿನಾಲ್ಕರ ಮೇಲೆ ಇನ್ನೂರಾರು ಮನೆ,
ಅದರಲ್ಲಿ ಒಂದಕ್ಕೆ ನೀಲಿ ಬಾಗಿಲು,
ನೀಲಿ ಬಾಗಿಲಿನ ಬೀಗದಕೈ ನನ್ನ ಜೇಬಿನಲ್ಲಿ.

ಬುಧವಾರ ಲಸಿಕೆಯವರು ಬರುತ್ತಾರೆ, ಬಾವಿಗೆ ಕ್ಲೋರಿನ್,
ಗೋಡೆಗೆ ಚೀಟಿ. ಅಲ್ಲಿಯವರೆಗೆ
ಗಲ್ಲಿಯ ಉದ್ದಕ್ಕೂ ನಡೆಯಬೇಕು ನಾನು
ಯಾರ ಹೊಟ್ಟೆಯನ್ನೂ ನೋಡದೆ.

ಅಬೀಟಿ ಮಟೋಲಾ ಜಗಲಿಯಲ್ಲಿ ಕೂತಿದ್ದಳು,
ಈ ಗಲ್ಲಿಯ ಅರ್ಧ ಮಕ್ಕಳ ಹೊಕ್ಕಳು ಕತ್ತರಿಸಿದ ಮುದುಕಿ.
ಎಂದಿನಂತೆ ನೀರು ಬೆರೆಸಿದ ತೋಬ್ವಾದ ಲೋಟ ನೀಡಿದಳು.
ಹತ್ತು ವರ್ಷ ಕುಡಿದಿದ್ದೇನೆ, ಒಳಗೆ ಇಣುಕಿದವಳಲ್ಲ.
ಇಣುಕಿದೆ.
ಇಣುಕಿದ್ದನ್ನು ಅವಳು ಕಂಡಳು.

ಲೋಟ ಹಿಂದೆಯೂ ಹೋಗಲಿಲ್ಲ, ಮುಂದೆಯೂ ಬರಲಿಲ್ಲ.
ನೀರು ಏನಾದರೂ ಹೇಳಿತೇ? ಎಂದಳು.
ಹೇಳಿತು. ಯಾರೆಂದು ಹೇಳಲಿಲ್ಲ.
ನಾನಿರಬಹುದೇ?
ನಾನೂ ಇರಬಹುದು, ಅಗೋಗೋ.

ಒಂದಿಷ್ಟು ಹೊತ್ತು ಕಾಲುವೆಯ ಸದ್ದು ಕೇಳಿದಳು,
ಹುಟ್ಟಿನಿಂದ ಕೇಳಿಯೂ ಕೇಳದಿದ್ದ ಸದ್ದು.
ಆಮೇಲೆ ಲೋಟವನ್ನು ಅಂಗಳಕ್ಕೆ ಚೆಲ್ಲಿ
ಇದ್ದಿಲು ಊದಿ, ದೊಡ್ಡ ಪಾತ್ರೆ ಏರಿಸಿ,
ನಿನಗೂ ತಿಳಿಯದು, ನನಗೂ ತಿಳಿಯದು ಅಂದಮೇಲೆ
ಇಬ್ಬರದೂ ಒಟ್ಟಿಗೇ ಕುದಿಯಲಿ, ಎಂದಳು.
ಕೂತುಕೋ.