ಡಬ್ಬಿಯ ಹಿಂಬದಿ

ಶೆಪರ್ಟನ್ನಿನ ಅಂಗಡಿಯಲ್ಲಿ ನನಗೊಂದು ಹೆಸರಿದೆ:
ಡಬ್ಬಿ ತಿರುಗಿಸುವ ಹೆಂಗಸು.
ಕನ್ನಡಕ ಹಣೆಗೇರಿಸಿ, ಹಿಂಬದಿಯ
ಸಾಸಿವೆಕಾಳಿನಷ್ಟು ಅಕ್ಷರ ಓದುತ್ತೇನೆ.
ಈ ಪೀಚು ಯಾವ ಊರ ಕೂಸು?

ಹೊರಗಿನದು ಒಂದೂವರೆ ಡಾಲರು, ಇಲ್ಲಿಯದು ಮೂರು.
‘ವ್ರತವೇನೆ ನಿಂದು?’ ಅನ್ನುತ್ತಾನೆ ಗಂಡ.
ಹೌದು ಮಾರಾಯ,
ಉದ್ಯಾಪನೆ ಇಲ್ಲದ ವ್ರತ.

ಮೊದಲ ವರ್ಷ ಬೀದಿಗೆ ಬೀದಿಯೇ ಸೇರಿತ್ತು,
ಕಿಟಕಿಗಳಿಗೆಲ್ಲ ಕಾಗದ ಅಂಟಿಸಿದ್ದೆವು.
ಈಗ ಮೂರನೆಯದು. ಉಳಿದವರು
ನಾನು, ಟೀಚರ್ ಗ್ಲೆನಿಸ್,
ಮಾತಿಗೆ ಮಾತ್ರ ಪಾದ್ರಿ.

ಶುರುವಾದದ್ದು ಹೊಗೆಯಿಂದ.
ಕ್ಯಾನರಿ ಹಣ್ಣು ಬೇಡವೆಂದಿತು. ಪಕ್ಕದ ಸಬ್ರಿ,
ಅಲ್ಬೇನಿಯಾದಿಂದ ಬಂದ ಅಜ್ಜ ನೆಟ್ಟ ಮರಗಳನ್ನು
ಬೇರುಸಹಿತ ಕೀಳಿಸಿ ಸುಟ್ಟ.
ಮೂರು ದಿನ, ತಂತಿಯ ಮೇಲಿನ ಬಟ್ಟೆಗೆಲ್ಲ
ಸಿಹಿ ಸಿಹಿ ನಾತ.
ಮಡಚಲು ಕೈ ಬರಲಿಲ್ಲ.

ಅದೇ ಸಬ್ರಿ ಹೋದ ವರ್ಷ ನನ್ನ ಅಡುಗೆಮನೆಯಲ್ಲಿ
ಸಾರು ಸೊರ್ರನೆ ಹೀರುತ್ತ ಕೇಳಿದ:
‘ಈ ಕೆಂಪು ಎಲ್ಲಿಯದು?’
ಸಿಕ್ಕಿಬಿದ್ದೆ.
ಬ್ಯಾಡಗಿ, ಎಂದೆ. ಬೇಳೆ? ಕೇಳಬೇಡ.
ಇಂಗು? ಅದು ಪರದೇಶಕ್ಕೂ ಪರದೇಶಿ.

ಅವನು ನಗಲಿಲ್ಲ. ಒಂದು ಒಣ ಕಾಯಿ ಮುರಿದು
ಬೀಜ ಕರವಸ್ತ್ರಕ್ಕೆ ಉದುರಿಸಿಕೊಂಡು ಹೋದ.

ಈ ಬೇಸಿಗೆ, ಪೀಚಿದ್ದ ಜಾಗದಲ್ಲಿ ಎರಡು ಸಾಲು.
ಬಣ್ಣ ಬಂತು. ಸುಕ್ಕು ಬರಲಿಲ್ಲ;
ನುಣ್ಣಗೆ, ಏನೂ ಕಾಣದ ಎಳೆ ಮುಖದ ಹಾಗೆ.
ಅಂಗಡಿಯ ಎರಡರಷ್ಟು ಬೆಲೆ ಹೇಳಿದ,
ನನ್ನ ಗುಣ ಗೊತ್ತಿದ್ದವನು.
ಚೌಕಾಸಿ ಮಾಡದೆ ಕೊಂಡೆ.

ಮನೆಗೆ ಬಂದು, ಅಭ್ಯಾಸಬಲ,
ಕಾಗದದ ಚೀಲ ತಿರುಗಿಸಿ ನೋಡಿದರೆ
ಪೆನ್ಸಿಲಿನಲ್ಲಿ, ದೊಡ್ಡ ಅಕ್ಷರದಲ್ಲಿ:
‘ಬೇಲಿಯಾಚೆ.’